ಒಂದೇ ಫ್ಯೂಸಿನ ಎರಡು ಮನೆ

ಮೇಲ್ಮನೆಯಲ್ಲಿ ಭಾವ ಹೀಟರ್ ಹಾಕಿದರೆ ಸಾಕು, ಕೆಳಮನೆಯಲ್ಲಿ ಟೈಲರಮ್ಮನ ಹೊಲಿಗೆ ಯಂತ್ರ ಏದುಸಿರು ಬಿಡುತ್ತಿತ್ತು. ಬಲ್ಬು ಹಣ್ಣೆಲೆಯ ಬಣ್ಣಕ್ಕೆ ತಿರುಗುತ್ತಿತ್ತು. ಅರ್ಧ ಇಸ್ತ್ರಿಯಾದ ಕೋಟು ಹಾಗೇ ಮುದುಡಿಕೊಂಡು ಬಿದ್ದಿರುತ್ತಿತ್ತು. ಹೊರಗೆ ಹಿಮ ಬೀಳುವ ದಿನಗಳಲ್ಲೇ ಊರಿನವರಿಗೆಲ್ಲ ಕೋಟಿನ ನೆನಪಾಗುವುದು, ಆ ದಿನಗಳಲ್ಲೇ ಭಾವನಿಗೆ ಎರಡೆರಡು ಹೀಟರ್ ಬೇಕಾಗುವುದು.

ಮನೆ ಮೊದಲು ಒಂದೇ ಆಗಿತ್ತು, ಗುಡ್ಡದ ಇಳಿಜಾರಿನಲ್ಲಿ ಮಾವ ಕಟ್ಟಿಸಿದ್ದು. ಅವರು ತೀರಿಕೊಂಡ ಮೇಲೆ ಅಣ್ಣತಮ್ಮಂದಿರು, ಭಾವ ಮತ್ತು ಟೈಲರಮ್ಮನ ಗಂಡ, ನಡುವೆ ಗೋಡೆ ಎಬ್ಬಿಸಿದರು. ಅಡುಗೆ ಬೇರೆಯಾಯಿತು, ಬಾಗಿಲು ಬೇರೆಯಾಯಿತು. ಕರೆಂಟು ಮಾತ್ರ ಕೂಡುಕುಟುಂಬದಲ್ಲೇ ಉಳಿಯಿತು. ಮೀಟರು, ಮೇನ್ ಸ್ವಿಚ್ಚು, ಫ್ಯೂಸು ಎಲ್ಲವೂ ಭಾವನ ಜಗಲಿಯಲ್ಲಿ. ಅಲ್ಲಿಂದ ಹೊರಟ ವೈರು ಭಾವನ ಮಲಗುವ ಕೋಣೆಯ ಸೂರಿನ ಮೇಲೆ ಹಾದು, ಗೋಡೆ ತೂರಿ, ಕೆಳಮನೆಗೆ ಇಳಿಯುತ್ತಿತ್ತು. ಮೊದಲ ಸಲ ಊರಿಗೆ ಕರೆಂಟು ಬಂದಾಗ ಎಳೆದದ್ದು ಅದು. ಮೈಮೇಲೆ ಬಟ್ಟೆಯ ಹೊದಿಕೆ, ಅದೂ ಅಲ್ಲಲ್ಲಿ ಪುಡಿಪುಡಿ.

ಮೊದಮೊದಲು ಫ್ಯೂಸು ಹೋಗುತ್ತಿತ್ತು. ಹಾಲಿನ ವ್ಯಾನು ಓಡಿಸುವ ಭಾವ ಸ್ವಲ್ಪ ರಿಪೇರಿ ಕೆಲಸವನ್ನೂ ಬಲ್ಲವನು. ಒಂದು ದಿನ ಬೇಸತ್ತು ಫ್ಯೂಸಿಗೆ ಬೆಂಕಿಕಡ್ಡಿ ದಪ್ಪದ ತಾಮ್ರದ ತಂತಿ ಸುತ್ತಿ, "ಇನ್ನು ಹೋಗಲಿ ನೋಡ್ತೀನಿ!" ಅಂದ. ಅದು ಹೋಗಲೇ ಇಲ್ಲ. ಅದರ ಬದಲು ಕೆಳಮನೆಯ ಸ್ವಿಚ್ ಬೋರ್ಡು ಬೆಚ್ಚಗಾಗತೊಡಗಿತು.

ಅಂಗೈ ಇಟ್ಟು ನೋಡಿದ ಟೈಲರಮ್ಮ ಗಂಡನನ್ನು ಕೂಗಿದಳು. "ರೀ, ಇಲ್ಲಿ ಮುಟ್ಟಿ ನೋಡಿ. ರೊಟ್ಟಿ ಬೇಯಿಸ್ಬೋದು."

ಗಂಡ ಮುಟ್ಟಿ ನೋಡಿದ. "ಹೌದಲ್ಲ" ಅಂದ. ಮತ್ತೆ, "ನೋಡೋಣ" ಅಂದ. ಮರದ ಮಿಲ್ಲಿನಲ್ಲಿ ಹಗಲೆಲ್ಲ ಗರಗಸದ ಸದ್ದು ಕೇಳಿ ಬರುವ ಆ ಮನುಷ್ಯನಿಗೆ ಮನೆಯಲ್ಲಿ ಜೋರು ಮಾತು ಬೇಡ. ಅಣ್ಣನೆದುರು ಅಂತೂ ಬೇಡವೇ ಬೇಡ.

ಕೊನೆಗೆ ಅವಳೇ ಹೋಗಿ ಎಲೆಕ್ಟ್ರಿಷಿಯನ್‌ನನ್ನು ಕರೆದಳು. ಯಾವಾಗ ಕರೆದರೂ "ನಾಳೆ" ಅನ್ನುವವನಾದ್ದರಿಂದ ಊರಿನವರು ಅವನಿಗೆ ನಾಳೆಪ್ಪ ಎಂದೇ ಹೆಸರಿಟ್ಟಿದ್ದರು. ಎಷ್ಟೋ ನಾಳೆಗಳು ಕಳೆದ ಮೇಲೆ ಬಂದ, ಏಣಿ ಮರೆತು ಬಂದ. ಬೋರ್ಡು ಬಿಚ್ಚಿ, ಕಂದಿದ ತಂತಿ ನೋಡಿ ನಾಲಿಗೆ ಲೊಚಗುಟ್ಟಿದ.

"ಪೂರ್ತಿ ತೆಗೀಬೇಕಮ್ಮಾ. ಎರಡೂ ಮನೇದು. ಅರ್ಥಿಂಗೂ ಇಲ್ಲ ಇದಕ್ಕೆ."

"ತೆಗಿ ಮತ್ತೆ."

"ನಿಮ್ಮ ಭಾವನ ಸೂರು ಬಿಚ್ಚದೆ ಹೇಗೆ ತೆಗೀಲಿ? ಅವರು ಹೂಂ ಅಂದ್ರೆ ನಾಳೇನೇ ಬರ್ತೀನಿ."

ಭಾವ ಹೂಂ ಅನ್ನಲಿಲ್ಲ. ಹೋದ ಶರತ್ಕಾಲದಲ್ಲಷ್ಟೇ ಆ ಕೋಣೆಯ ಸೂರಿಗೆ ನುಣುಪಾದ ಹಲಗೆ ಹೊಡೆಸಿ, ಮೇಲೆ ಚಳಿ ತಡೆಯಲೆಂದು ಹಳೆಯ ಹಾಸಿಗೆಗಳ ಹತ್ತಿಯನ್ನೆಲ್ಲ ತುಂಬಿಸಿದ್ದ. "ನಮ್ಮಪ್ಪ ಹಾಕಿಸಿದ ವೈರು ಅದು. ಇಷ್ಟು ವರ್ಷ ಏನೂ ಆಗಿಲ್ಲ. ನಿನ್ನ ಮಿಶಿನ್ನು, ಇಸ್ತ್ರಿ ಕಮ್ಮಿ ಮಾಡು, ಎಲ್ಲ ಸರಿಹೋಗುತ್ತೆ."

"ಭಾವ, ಏನಾದ್ರೂ ಆದ್ಮೇಲೆ ಏನು ಮಾಡೋದು? ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗಾಗುತ್ತೆ."

"ನೆಗಡಿ ಬಂತು ಅಂತ ಮೂಗು ಕೊಯ್ಕೊಳ್ಳೋಕಾಗುತ್ತೇನಮ್ಮ? ಹೋಗು, ಹೋಗು."

ಗೋಡೆಗೆ ಹೇಳಿದರೆ ಮಾರ್ದನಿಯಾದರೂ ಬರುತ್ತದೆ. ಮರುದಿನದಿಂದ ಅವಳು ಬೇರೆ ದಾರಿ ಹಿಡಿದಳು. ಭಾವನ ವ್ಯಾನು ತಿರುವು ದಾಟುತ್ತಲೇ ಮೇಲ್ಮನೆಯ ಜಗಲಿಗೆ ಹೋಗಿ, ಮೇನ್ ಇಳಿಸಿ, ದಪ್ಪ ತಂತಿ ಕಿತ್ತು ತೆಳ್ಳನೆಯ ಫ್ಯೂಸ್ ವೈರು ಸುತ್ತಿ ಬರುತ್ತಿದ್ದಳು. ಭಾವ ಬಂದು ಹೀಟರ್ ಹಾಕಿದೊಡನೆ ಟಪ್ಪೆಂದು ಕತ್ತಲೆ. ಅವನು ಬೈಯುತ್ತ ಮತ್ತೆ ದಪ್ಪದ್ದು ಹಾಕುತ್ತಿದ್ದ. ಇಬ್ಬರೂ ಒಬ್ಬರನ್ನೊಬ್ಬರು ಏನೂ ಕೇಳುತ್ತಿರಲಿಲ್ಲ. ನಡುವೆ ಎರಡು ಮನೆಗಳೂ ನಡುಗುತ್ತಿದ್ದವು.

ಹಾಗೊಂದು ಬೆಳಿಗ್ಗೆ ಫ್ಯೂಸಿಗೆ ಕೈ ಹಾಕುವ ಮೊದಲೇ ಅವಳ ಕಣ್ಣು ತೆರೆದಿದ್ದ ಬಚ್ಚಲಿನತ್ತ ಹೋಯಿತು. ಭಾವನ ಹೆಂಡತಿ, ಅವಳ ಓರಗಿತ್ತಿ, ಮರದ ಸೌಟಿನ ಹಿಡಿಯಿಂದ ಒತ್ತಿ ಒತ್ತಿ ಬಿಸಿನೀರಿನ ನಲ್ಲಿ ತಿರುಗಿಸುತ್ತಿದ್ದಳು. ಕಾಲಲ್ಲಿ ದಪ್ಪ ರಬ್ಬರ್ ಚಪ್ಪಲಿ.

"ಅಕ್ಕಾ, ಇದೇನಿದು?"

ಓರಗಿತ್ತಿ ಬೆಚ್ಚಿದಳು. "ಏನಿಲ್ಲ. ಈ ನಲ್ಲಿ ಸ್ವಲ್ಪ ಜುಮ್ ಅನ್ನುತ್ತೆ."

"ಯಾವತ್ತಿಂದ?"

"ಹೋದ ಚಳಿಗಾಲದಿಂದ. ಚಳಿಗೆ ನಿನ್ನ ನರ ಹಿಡ್ಕೊಂಡಿದೆ, ಎಣ್ಣೆ ಹಚ್ಕೋ ಅಂದ್ರು ಇವರು. ಹಚ್ಕೊಂಡೆ." ಅವಳು ದನಿ ತಗ್ಗಿಸಿದಳು. "ಒಂದು ಸಲ ಕೈ ಅಂಟ್ಕೊಂಡ ಹಾಗಾಯ್ತು ಕಣೇ. ಬಿಡಿಸ್ಕೊಳ್ಳೋಕೆ ಆಗ್ಲಿಲ್ಲ. ಆಮೇಲೆ ಅದಾಗೇ ಕರೆಂಟು ಹೋಯ್ತು, ಉಳ್ಕೊಂಡೆ."

ಟೈಲರಮ್ಮ ಕೆಳಗೋಡಿ ಗಂಡನ ಟೆಸ್ಟರ್ ತಂದಳು. ಅದರ ತುದಿ ನಲ್ಲಿಗೆ ತಾಗಿಸಿದೊಡನೆ ಒಳಗಿನ ಪುಟ್ಟ ದೀಪ ಕೆಂಪಗೆ ಹೊತ್ತಿಕೊಂಡಿತು.

"ನರ ಅಲ್ಲ ಅಕ್ಕ. ಕರೆಂಟು."

ಓರಗಿತ್ತಿ ಆ ಕೆಂಪು ಚುಕ್ಕೆಯನ್ನೇ ನೋಡುತ್ತ ನಿಂತಳು. ಇಷ್ಟು ವರ್ಷದಲ್ಲಿ ಅವಳು ಗಂಡನಿಗೆ ಎದುರಾಡಿದ್ದನ್ನು ಯಾರೂ ಕಂಡಿರಲಿಲ್ಲ. ಈಗಲೂ ಅವಳು ಕೂಗಾಡಲಿಲ್ಲ. ಸೌಟನ್ನು ಅಡುಗೆಮನೆಯಲ್ಲಿಟ್ಟು, ಸೌದೆ ಮೂಲೆಯಿಂದ ಸಣ್ಣ ಹಾರೆ ತಂದು, ಮಲಗುವ ಕೋಣೆಗೆ ಮೇಜು ಎಳೆದಳು.

"ಮೇನ್ ಇಳಿಸಿ ಬಾ. ಸೂರಿನ ಮೇಲಿನ ಆ ವೈರು ನೋಡ್ಬೇಕು ನಾನು. ಮೇಜು ಗಟ್ಟಿ ಹಿಡ್ಕೋ."

"ಅಕ್ಕಾ, ಭಾವ..."

"ಹಿಡ್ಕೋ ಅಂದ್ನಲ್ಲ!"

ಹಲಗೆ ಚಟ್ಟನೆ ಎದ್ದು ಬಂತು. ಮುದ್ದೆ ಮುದ್ದೆ ಹತ್ತಿ ಇಬ್ಬರ ತಲೆಯ ಮೇಲೂ ಸುರಿಯಿತು. ಮೊದಲು ಬಿಳಿಯದು, ಆಮೇಲೆ ಕಂದುಬಣ್ಣದ್ದು, ಆಮೇಲೆ ಕೈಗೆ ಮಸಿ ಹತ್ತುವಂಥದ್ದು. ಅದರೊಳಗೆ ವೈರಿಗೆ ವೈರು ಹೆಣೆದು ಟೇಪು ಸುತ್ತಿದ ಗಂಟೊಂದು ಸುಟ್ಟ ಬದನೆಕಾಯಿಯಂತೆ ಇಳಿಬಿದ್ದಿತ್ತು. ಮೇಲಿನ ತೊಲೆಯಲ್ಲಿ ಅಂಗೈ ಅಗಲದಷ್ಟು ಜಾಗ ಇದ್ದಿಲಾಗಿತ್ತು. ಅದರ ನೇರ ಕೆಳಗೆ ಗಂಡಹೆಂಡಿರ ದಿಂಬುಗಳಿದ್ದವು.

ಭಾವ ಬಂದಾಗ ಹೆಂಡತಿ ಇನ್ನೂ ಮೇಜಿನ ಮೇಲೇ ನಿಂತಿದ್ದಳು.

"ಏನೇ ಇದು! ನನ್ನ ಹಲಗೆ!"

ಅವಳು ಕಪ್ಪಾದ ಹತ್ತಿಯ ಮುದ್ದೆಯನ್ನು ಅವನ ಕೈಯಲ್ಲಿಟ್ಟಳು. "ತಗೊಳ್ಳಿ. ಇದರ ಕೆಳಗೆ ಮಲಗಿಸ್ತಿದ್ರಿ ನನ್ನ. ಆ ನಲ್ಲೀನೂ ಒಂದ್ಸಲ ನೀವೇ ಬರಿಗೈಲಿ ತಿರುಗಿಸಿ ಬನ್ನಿ, ಮೇನ್ ಹಾಕ್ತೀನಿ."

ಭಾವ ನಲ್ಲಿಯ ಕಡೆ ಹೋಗಲಿಲ್ಲ. ಮೇಜು ಹತ್ತಿ ತೊಲೆಗೆ ಬೆರಳು ಒತ್ತಿದ. ಇದ್ದಿಲು ಪುಡಿಯಾಗಿ ಅವನ ಕೋಟಿನ ಮೇಲೆ ಉದುರಿತು. ಕೆಳಗಿಳಿದು, "ಬಿಚ್ಚೋಕೆ ಮುಂಚೆ ಒಂದು ಮಾತು ಕೇಳ್ಬೇಕಿತ್ತು" ಅಂದ.

"ಚಳಿಗಾಲ ಪೂರ್ತಿ ಕೇಳಿದ್ದು ಅದನ್ನೇ ಅಲ್ವಾ ಭಾವ!" ಟೈಲರಮ್ಮ ಕಿರುಚಿಯೇಬಿಟ್ಟಳು. ಅವಳಿಗೆ ಅಳುವೂ ಬಂತು. ಗೆದ್ದ ಖುಷಿಯಂತೂ ಎಳ್ಳಷ್ಟೂ ಇರಲಿಲ್ಲ.

ಭಾವ ವ್ಯಾನು ತಿರುಗಿಸಿಕೊಂಡು ಹೋಗಿ, ನಾಳೆಪ್ಪನನ್ನು ಹಾಲಿನ ಕ್ಯಾನುಗಳ ನಡುವೆ ಕೂರಿಸಿಕೊಂಡು ಬಂದ. ಅವತ್ತೇ ಕೆಲಸ ಶುರುವಾಯಿತು. ಅರ್ಥಿಂಗಿಗೆ ಗುಂಡಿ ತೋಡಲು ಹೋದರೆ ನೆಲ ಹೆಪ್ಪುಗಟ್ಟಿ ಕಲ್ಲಾಗಿತ್ತು. ಅಣ್ಣತಮ್ಮಂದಿರು ಸರದಿಯ ಮೇಲೆ ಹಾರೆ ಎತ್ತಿಹಾಕಿ, ಬೆಂಕಿ ಹಾಕಿ ನೆಲ ಕಾಯಿಸಿ, ಮತ್ತೆ ಅಗೆದರು. ಬಚ್ಚಲಿನ ನಲ್ಲಿಗೆ ಕರೆಂಟು ಸೋರಿಸುತ್ತಿದ್ದ ಹಳೆಯ ಗೀಸರು ಗುಜರಿಗೆ ಹೋಯಿತು. ಮೇಲ್ಮನೆಯ ವೈರೆಲ್ಲ ಹೊಸದಾಯಿತು. ತಪ್ಪಿ ಕರೆಂಟು ಸೋರಿದರೆ ತಾನೇ ಆಫ್ ಆಗುವ ಸ್ವಿಚ್ಚು ಬಂತು.

ಆಮೇಲೆ ವೈರು ಮುಗಿಯಿತು.

"ಕೆಳಮನೇದು ಪೇಟೆಯಿಂದ ತರಬೇಕಮ್ಮಾ" ಅಂದ ನಾಳೆಪ್ಪ. "ದಾರಿ ಮೇಲೆ ಹಿಮ ಬಿದ್ದಿದೆ. ಹಳೇ ವೈರಿಗಂತೂ ನಾನು ಕರೆಂಟು ಕೊಡಲ್ಲ."

ಇಷ್ಟಕ್ಕೆಲ್ಲ ಗಂಟಲು ಹರಿದುಕೊಂಡವಳ ಮನೆಯೇ ಕತ್ತಲೆಯಲ್ಲಿ ಉಳಿಯಿತು. ಟೈಲರಮ್ಮ ಗಂಡನನ್ನು ನೋಡಿದಳು. ಅವನು ಬಾಯಿ ತೆರೆಯುತ್ತಿದ್ದ.

"ನೋಡೋಣ ಅಂದ್ರೆ ಈ ಕತ್ತರೀಲೇ ಚುಚ್ತೀನಿ!"

ಅವನು ಬಾಯಿ ಮುಚ್ಚಿಕೊಂಡು, ಹೊಲಿಗೆ ಯಂತ್ರವನ್ನು ಹೆಗಲ ಮೇಲೆ ಹೊತ್ತು ಮೆಟ್ಟಿಲು ಹತ್ತಿದ. ಓರಗಿತ್ತಿ ಅದಾಗಲೇ ನಡುಮನೆಯ ಕಿಟಕಿಯ ಬಳಿ ಜಾಗ ಮಾಡಿದ್ದಳು. ಹಿಮ ಕರಗಿ ದಾರಿ ತೆರೆಯುವವರೆಗೆ ಟೈಲರಮ್ಮ ಅಲ್ಲೇ ಹೊಲಿದಳು. ಸದ್ದಿಗೆ ನಿದ್ದೆ ಬರುವುದಿಲ್ಲವೆಂದು ಭಾವ ದಿನಾ ಗೊಣಗಿದ.

ವಸಂತದ ಹೊತ್ತಿಗೆ ಕೆಳಮನೆಗೂ ಬೇರೆಯದೇ ಲೈನು ಬಂತು. ಒಂದು ಮಧ್ಯಾಹ್ನ ಅವಳು ಶಾಲೆಯ ಮಾಸ್ತರರಿಗೆ ಕೋಟು ತೊಡಿಸಿ ಅಳತೆ ಸರಿಮಾಡುತ್ತಿದ್ದಾಗ ಭಾವ ಬಾಗಿಲಲ್ಲಿ ಬಂದು ನಿಂತ.

"ನೋಡಿ ಮಾಸ್ತರೇ, ಹಳೇ ಮನೆ ಅಂದ್ಮೇಲೆ ವೈರಿಂಗ್ ವಿಷಯದಲ್ಲಿ ಉದಾಸೀನ ಮಾಡಬಾರದು. ಅದಕ್ಕೇ ನಾನು ಮೊದಲೇ ಎಲ್ಲ ಬದಲಾಯಿಸಿಬಿಟ್ಟೆ. ನಿಮ್ಮ ಮನೇದೂ ಒಂದ್ಸಲ ತೋರಿಸಿ."

ಟೈಲರಮ್ಮನ ಬಾಯಲ್ಲಿ ಗುಂಡುಪಿನ್ನುಗಳಿದ್ದವು. ಅವಳು ಒಂದೊಂದನ್ನೇ ತೆಗೆದು ಕೋಟಿಗೆ ಚುಚ್ಚತೊಡಗಿದಳು. ಮಾಸ್ತರರು ಎರಡು ಸಲ "ಅಯ್ಯೋ!" ಅಂದರು.