ಸುಟ್ಟ ರಬ್ಬರಿನ ವಾಸನೆ

ಜುವೈರಿಯಾಳಿಗೆ ತಲೆನೋವು ಬರುವ ಮೊದಲು ಸುಟ್ಟ ರಬ್ಬರಿನ ವಾಸನೆ ಬರುತ್ತಿತ್ತು. ಬೆಳ್ಳಾರೆ ಪೇಟೆಯಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದ ಗಂಡ ಸಾಬಿತ್ ಮನೆಯೊಳಗೆ ಕಾಲಿಟ್ಟರೆ ಬರುತ್ತಿದ್ದ ವಾಸನೆಯೇ ಅದು. ಅವನು ಜ್ವರದಲ್ಲಿ ತೀರಿಕೊಂಡು ಎರಡು ವರ್ಷವಾಗಿತ್ತು. ವಾಸನೆಯ ಬೆನ್ನಿಗೇ ಎಡಗಣ್ಣಿನ ಮೇಲೆ ಯಾರೋ ಸುತ್ತಿಗೆ ಹಿಡಿದು ಕೂತ ಹಾಗೆ ನೋವು. ಬೆಳಕು ಕಂಡರಾಗದು, ತಟ್ಟೆ ಸದ್ದಾದರೆ ವಾಂತಿ.

ಅತ್ತೆ ಕುಂಞಿಪಾತುಮ್ಮನಿಗೆ ಅದು ನೋವಲ್ಲ, ಮಗನ ಬರವು. ವಾಸನೆ ಬಂತೆಂದು ಸೊಸೆ ಹೇಳಿದರೆ ಸಾಕು, ಕೈಲಿದ್ದ ಕೆಲಸ ಬಿಟ್ಟು ಅವಳ ಮಂಚದ ಪಕ್ಕ ಚಾಪೆ ಹಾಸಿ ಅವನೊಡನೆ ಮಾತಿಗಿಳಿಯುತ್ತಿದ್ದಳು. ಮಾಡು ಸೋರುವುದು, ಬೆಕ್ಕು ಮರಿ ಹಾಕಿದ್ದು, ಅವನ ಅಂಗಡಿಯಲ್ಲಿ ಈಗ ಯಾರೋ ಮೊಬೈಲು ಮಾರುವುದು, ಎಲ್ಲ ವರದಿ ಆಗಬೇಕು. ಸತ್ತವನಿಗೆ ಇಷ್ಟೊಂದು ಊರ ಸುದ್ದಿ ಯಾಕೆ ಬೇಕೋ ದೇವರೇ ಬಲ್ಲ. ಜುವೈರಿಯಾ ಹಲ್ಲು ಕಚ್ಚಿ ಕೇಳಿಸಿಕೊಳ್ಳುತ್ತಿದ್ದಳು. ಮುದುಕಿಯ ಮೇಲೆ ಸಿಟ್ಟೂ ಬರುತ್ತಿತ್ತು, ಕರುಳೂ ಚುರ್ ಎನ್ನುತ್ತಿತ್ತು.

ಕೊನೆಗೆ ತಡೆಯಲಾರದೆ ಬಸ್ಸು ಹತ್ತಿ ಪುತ್ತೂರಿನ ಡಾಕ್ಟರಮ್ಮನ ಹತ್ತಿರ ಹೋದಳು. ಅವರು ಸಮಾಧಾನದಲ್ಲಿ ಎಲ್ಲ ಕೇಳಿ, ಇದು ಮೈಗ್ರೇನ್ ಎಂದರು. ವಾಸನೆ ಹೊರಗಿನದಲ್ಲ, ಮಿದುಳೇ ಹುಟ್ಟಿಸುವುದು. ವಾಸನೆಯಿಂದ ನೋವು ಬರುವುದಲ್ಲ, ಅದೇ ನೋವಿನ ಶುರು. ಕೆರಳಿಸುವ ಕಾರಣ ಒಬ್ಬೊಬ್ಬರಿಗೆ ಒಂದೊಂದು. ಇವಳಿಗೆ ಹೊತ್ತು ಮೀರಿದ ಊಟ, ಕೆಟ್ಟ ನಿದ್ದೆ. ಸರಿಯಾಗಿ ಉಣ್ಣಬೇಕು, ಮಲಗಬೇಕು, ನೋವು ಏಳುವಾಗಲೇ ಮಾತ್ರೆ ನುಂಗಬೇಕು.

ಮನೆಗೆ ಬಂದು ಅತ್ತೆಗೆ ಒಂದೂ ಬಿಡದೆ ಹೇಳಿದಳು. ಮುದುಕಿ, ಹಸಿದರೆ ಬರುವುದಾ ಎಂದು ಎರಡೆರಡು ಸಲ ಕೇಳಿದಳು. ಹೌದೆಂದಳು ಸೊಸೆ.

ಆಮೇಲೆ ತಿಂಗಳುಗಟ್ಟಲೆ ವಾಸನೆ ಸುಳಿಯಲಿಲ್ಲ. ಜುವೈರಿಯಾಳ ಮುಖಕ್ಕೆ ಕಳೆ ಬಂತು, ನಿಂತಿದ್ದ ಹೊಲಿಗೆ ಕೆಲಸ ಮತ್ತೆ ಹಿಡಿದಳು. ಕುಂಞಿಪಾತುಮ್ಮ ಮಾತ್ರ ಇಳಿದುಹೋದಳು. ಸೊಸೆ ಮೂಗು ಉಜ್ಜಿಕೊಂಡರೆ ಸಾಕು, ಆಸೆಯಿಂದ ತಲೆಯೆತ್ತಿ ನೋಡುವಳು.

ಯಾರದೋ ಮದುವೆಯ ಬಟ್ಟೆ ಹೊಲಿಯಲು ಜುವೈರಿಯಾ ನಿದ್ದೆಗೆಟ್ಟಿದ್ದ ಒಂದು ದಿನ, ಮಿಶಿನ್ ಬಿಟ್ಟು ಎದ್ದಾಗ ಊಟದ ಹೊತ್ತು ಎಷ್ಟೋ ಮೀರಿತ್ತು. ಯಾರೂ ಕರೆದಿರಲಿಲ್ಲ. ಅಡುಗೆಮನೆಯಲ್ಲಿ ಒಲೆ ಹಚ್ಚಿಲ್ಲ, ಅಕ್ಕಿ ತೊಳೆದಿಲ್ಲ, ಬಿಸ್ಕತ್ತಿನ ಡಬ್ಬವೂ ಖಾಲಿ. ಅತ್ತೆಗೆ ಏನಾಯಿತೋ ಎಂದು ಗಾಬರಿಯಿಂದ ಕೋಣೆಗೆ ಓಡಿದಳು. ಸೊಸೆಯ ಮಂಚಕ್ಕೆ ಒಗೆದ ಬಟ್ಟೆ ಹಾಸಿತ್ತು, ಕಿಟಕಿ ಮುಚ್ಚಿತ್ತು. ಪಕ್ಕದ ಚಾಪೆಯಲ್ಲಿ ಕುಂಞಿಪಾತುಮ್ಮ ಹಬ್ಬಕ್ಕೆಂದು ತೆಗೆದಿಟ್ಟ ಕುಪ್ಪಾಯ ತೊಟ್ಟು ಕೂತಿದ್ದಳು.

ಜುವೈರಿಯಾಳಿಗೆ ಎಲ್ಲ ಅರ್ಥವಾಯಿತು. ರೇಗಲು ಬಾಯಿ ತೆರೆದಳು.

"ಒಂದೇ ಸಲ ಮಗಳೇ," ಎಂದಳು ಮುದುಕಿ. "ಅವನಿಗೆ ಹೇಳುದು ತುಂಬ ಉಂಟು."

ಅಷ್ಟರಲ್ಲಿ ವಾಸನೆ ಬಂತು. ಮಿದುಳಿನದ್ದೆಂದು ಗೊತ್ತಿದ್ದೂ ಜುವೈರಿಯಾ ಬಾಗಿಲ ಕಡೆ ತಿರುಗಿ ನೋಡಿದಳು. ತಾನೂ ಎಷ್ಟು ಕಾದಿದ್ದೆನೆಂದು ಅವಳಿಗೆ ಆಗಲೇ ತಿಳಿದದ್ದು. ಮಾತ್ರೆ ತರಲು ಹೋಗಲಿಲ್ಲ. ಮಂಚದ ಮೇಲೆ ಮಲಗಿ ಕಣ್ಣು ಮುಚ್ಚಿದಳು.

"ಬಂದನಾ?" ಎಂದು ಅತ್ತೆ ಕೇಳಿದಳು.

"ಬಂದ ಮಾಮಿ," ಎಂದಳು ಜುವೈರಿಯಾ. "ಇವತ್ತು ಮೊದಲು ನಾನು ಮಾತಾಡುದು."