ಸೀತುವಿನ ಬಿಡಾರ

ಹೆಣ ಹೊತ್ತ ಗಂಡಸರು ಓಣಿಯ ತಿರುವು ದಾಟುವುದನ್ನೇ ಕಾಯುತ್ತಿದ್ದ ಅಪ್ಪಿ, ಬಾಗಿಲನ್ನು ಮುಂದೆ ಮಾಡಿ, ನಾದಿನಿ ಸೀತುವಿನ ತಗಡಿನ ಪೆಟ್ಟಿಗೆಯನ್ನು ನೆಲದ ಮೇಲೆ ಬೋರಲು ಹಾಕಿದಳು.

ನಾಲ್ಕು ಸೀರೆ, ಎರಡು ರವಿಕೆ, ಒಂದು ಕಂಬಳಿ, ಆಸ್ಪತ್ರೆಯ ಚೀಟಿ. ಸೀರೆಗಳನ್ನು ಒಂದೊಂದಾಗಿ ಕೊಡವಿದಳು. ಅಂಚುಗಳನ್ನು ಬೆರಳಲ್ಲಿ ಹಿಸುಕಿ ನೋಡಿದಳು. ತಳಕ್ಕೆ ಹಾಸಿದ್ದ ಹಳೆಯ ಪೇಪರನ್ನೂ ಎತ್ತಿದಳು. ಏನೂ ಇರಲಿಲ್ಲ.

ಪಕ್ಕದ ಬಿಡಾರದ ಪರಮೇಶ್ವರಿ ಸೆಗಣಿ ನೀರಿನ ಬಾಲ್ದಿ, ಸಾರಿಸುವ ಹಿಡಿಸೂಡಿ ಹಿಡಿದು ಒಳಗೆ ಬಂದವಳು ಹಾಗೇ ನಿಂತಳು.

“ಎಂತ ಅಕ್ಕಾ ಇಷ್ಟು ಅವಸರ? ಹೆಣ ಹೋದ ಮನೆ, ಮೊದಲು ಸಾರಿಸುವ. ಸಾಮಾನು ಆಮೇಲೆ ತೆಗೆದ್ರಾಯ್ತು.”

“ಇವತ್ತೇ ಖಾಲಿ ಮಾಡಿ ಕೊಡ್ಬೇಕು. ಪುನಃ ಪುನಃ ಪುತ್ತೂರಿಗೆ ಬರ್ಲಿಕ್ಕೆ ಆಗುದಿಲ್ಲ.”

ಅವಸರ ಅಪ್ಪಿಯದೇ. ಬಿಡಾರದ ಯಜಮಾನ ಆದಂ ಕುಂಞಿ ಬೆಳಿಗ್ಗೆಯೇ ಹೇಳಿದ್ದ: “ನಿಧಾನಕ್ಕೆ ಮಾಡಿ ಅಕ್ಕ. ಸೀತಕ್ಕನ ಕೋಣೆ ಎಲ್ಲಿಗೆ ಓಡ್ತದೆ?” ಅಪ್ಪಿಯ ಗಂಡ ಸುಂದರನೂ ತಂಗಿಯ ಹೆಣವನ್ನು ತಮ್ಮೂರು ಕಲ್ಲುಗುಂಡಿಗೆ ಕೊಂಡುಹೋಗಿ ಮನೆಯ ಜಾಗದಲ್ಲೇ ಸುಡುವ ಎಂದಿದ್ದ. ಬೇಡವೆಂದವಳು ಅಪ್ಪಿ. “ಮನೆ ಬಿಟ್ಟು ಹೋದವಳು. ಈಗ ಹೆಣ ಮಾತ್ರ ಎಂತಕ್ಕೆ?” ಸುಂದರ ತಲೆ ತಗ್ಗಿಸಿ ಎದ್ದುಹೋದ. ಸೀತುವಿನ ಹೆಸರು ಬಂದರೆ ಅವನು ಯಾವತ್ತೂ ಹಾಗೆಯೇ.

*

ಹದಿಮೂರು ವರ್ಷಗಳ ಹಿಂದೆ, ಎಪ್ಪತ್ತನೇ ಇಸವಿಯಲ್ಲಿ, ತನ್ನ ತಂಗಿಯ ಮದುವೆಗೆ ಹೊರಟ ಅಪ್ಪಿ ಕಪಾಟು ತೆರೆದಾಗ ತಾಯಿ ಕೊಟ್ಟ ಚಿನ್ನದ ಚಕ್ರಸರ ಇರಲಿಲ್ಲ. ಅವಳಾಗ ತುಂಬು ಬಸುರಿ. ಕಂಕುಳಲ್ಲೊಂದು, ಸೆರಗು ಹಿಡಿದುಕೊಂಡದ್ದು ಇನ್ನೊಂದು. ಮನೆಯಲ್ಲಿದ್ದ ಬೇರೆ ಹೆಂಗಸೆಂದರೆ ಸೀತು ಒಬ್ಬಳೇ. ಮದುವೆಯಾದ ವರ್ಷವೇ ಗಂಡನನ್ನು ಕಳೆದುಕೊಂಡು ಅಣ್ಣನ ಮನೆ ಸೇರಿದ್ದವಳು.

“ನಿನ್ನ ಪೆಟ್ಟಿಗೆ ತಾ” ಎಂದಳು ಅಪ್ಪಿ.

ಸೀತು ತಾನೇ ಹೊತ್ತು ತಂದು ಅಂಗಳದಲ್ಲಿಟ್ಟಳು. ಮದುವೆಗೆ ಜೊತೆಯಲ್ಲಿ ಹೊರಡಲು ಬಂದಿದ್ದ ನೆಂಟರ ಎದುರಿನಲ್ಲೇ ಅಪ್ಪಿ ಅವಳ ಒಂದೊಂದೇ ಬಟ್ಟೆಯನ್ನು ಎಳೆದು ಬಿಸಾಡಿದಳು. ಸರ ಸಿಗಲಿಲ್ಲ.

“ಆಗಲೇ ದಾಟಿಸಿದ್ದಾಳೆ. ಉಂಡ ಮನೆಗೆ ಎರಡು ಬಗೆದವಳು!”

ಸೀತು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಜಗಲಿಯ ಕಂಬ ಹಿಡಿದು ನಿಂತಿದ್ದ ಅಣ್ಣನ ಕಡೆಗೊಮ್ಮೆ ನೋಡಿ, ಮಣ್ಣಾದ ಬಟ್ಟೆಗಳನ್ನು ಮಡಚತೊಡಗಿದಳು. ಮರುದಿನ ಮೊದಲ ಬಸ್ಸಿಗೆ ಪುತ್ತೂರಿಗೆ ಹೋದವಳು ಮತ್ತೆ ಬರಲಿಲ್ಲ. ಹೋಟೆಲೊಂದಕ್ಕೆ ದೋಸೆಯ ಹಿಟ್ಟನ್ನು ಕಲ್ಲಿನಲ್ಲಿ ಕಡೆದುಕೊಟ್ಟು ಬದುಕುತ್ತಿದ್ದಾಳೆಂದು ಯಾರೋ ಹೇಳಿದ್ದರು.

ತೆಗೆಯದವಳಾದರೆ ಅಲ್ಲ ಎನ್ನುತ್ತಿರಲಿಲ್ಲವೇ? ಇಷ್ಟು ವರ್ಷ ಅಪ್ಪಿ ಆ ಮೌನವನ್ನೇ ಸಾಕ್ಷಿ ಮಾಡಿಕೊಂಡಿದ್ದಳು.

*

ಈಗ ಅವಳು ಸಾಸಿವೆ, ಮೆಂತೆಯ ಡಬ್ಬಿಗಳನ್ನು ಮೊರಕ್ಕೆ ಸುರಿದು ನೋಡಿದಳು. ದೇವರ ಪಟದ ಹಿಂದೆ ಕೈಯಾಡಿಸಿದಳು. ಕತ್ತಿಯಿಂದ ಹಾಸಿಗೆಯ ಹೊಲಿಗೆ ಸೀಳಿದಳು. ಗಂಟುಗಂಟಾದ ಹತ್ತಿ ಹೊರಬಂತು, ಅಷ್ಟೇ. ಸರದ ಆಸೆ ಅವಳಿಗೆ ಯಾವತ್ತೋ ಹೋಗಿತ್ತು. ಆದರೆ ಅದು ಇಲ್ಲಿ ಸಿಗಬೇಕಿತ್ತು. ಸಿಗದಿದ್ದರೆ ಆ ಅಂಗಳದಲ್ಲಿ ತಾನಾಡಿದ ಮಾತನ್ನು ಎಲ್ಲಿಗೆ ಕೊಂಡುಹೋಗುವುದು?

“ಎಂತ ಹುಡುಕುದು ನೀವು?” ಪರಮೇಶ್ವರಿ ಕೇಳಿದಳು.

“ನನ್ನ ಚಕ್ರಸರ.”

ಪರಮೇಶ್ವರಿ ಹಿಡಿಸೂಡಿಯನ್ನು ಗೋಡೆಗೊರಗಿಸಿದಳು. “ಅಕ್ಕಾ, ನಿಮಗೆ ಇನ್ನೂ ಗೊತ್ತಿಲ್ವಾ?”

“ಎಂತದ್ದು?”

“ನಿಮ್ಮ ಯಜಮಾನರನ್ನೇ ಕೇಳಿ. ನನ್ನ ಬಾಯಿಂದ ಯಾಕೆ?”

“ನೀನೇ ಹೇಳು.”

“ಇದು ಹಲಗೆಯ ಗೋಡೆ ಅಕ್ಕ. ಆಚೆ ಮಾತಾಡಿದ್ದು ಈಚೆ ಕೇಳ್ತದೆ. ಅಡಿಕೆ ಮಾರ್ಲಿಕ್ಕೆ ಬಂದಾಗೆಲ್ಲ ಸುಂದರಣ್ಣ ಇಲ್ಲಿಗೆ ಬರ್ತಿದ್ರು. ಬಂದ್ರೆ ಅಳುದೇ. ‘ಸರವನ್ನು ಕೋಳಿ ಅಂಕದ ಜೂಜಿಗೆ ಇಟ್ಟು ಕಳ್ಕೊಂಡೆ, ಅಪ್ಪಿಗೆ ಹೇಳಿಬಿಡ್ತೇನೆ’ ಅನ್ನುದು. ಸೀತಕ್ಕ ಬಿಡ್ಬೇಕಲ್ಲ! ‘ಹೇಳಿದ್ರೆ ಅತ್ತಿಗೆ ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಹೋಗ್ತಾರೆ. ನಾನು ಒಬ್ಬಳು, ಹೇಗಾದ್ರೂ ಬದುಕ್ತೇನೆ’ ಅಂತ.”

ಅಪ್ಪಿಯ ಕೈಯಲ್ಲಿ ಹತ್ತಿಯ ಉಂಡೆಯೊಂದು ಹಾಗೇ ಉಳಿಯಿತು. ಪರಮೇಶ್ವರಿ ನೆಲ ಸಾರಿಸತೊಡಗಿದಳು.

ಮಧ್ಯಾಹ್ನ ಕಳೆದು ಗಂಡಸರು ಸ್ನಾನ ಮುಗಿಸಿ ಬಂದರು. ಉಳಿದವರು ಓಣಿಯ ಬಾಯಲ್ಲಿ ನಿಂತ ಜೀಪಿನ ಕಡೆ ನಡೆದರು. ಒದ್ದೆ ಪಂಚೆಯಲ್ಲೇ ಹೊಸ್ತಿಲಿಗೆ ಬಂದ ಸುಂದರ ಸೀಳಿದ ಹಾಸಿಗೆಯನ್ನು ನೋಡಿದ, ಹೆಂಡತಿಯ ಮುಖ ನೋಡಿದ.

“ಯಾವ ಅಂಕದಲ್ಲಿ?” ಅಪ್ಪಿ ಕೇಳಿದಳು.

ಅವನು ಬಾಗಿಲ ದಾರಂದ ಹಿಡಿದುಕೊಂಡ. “ಹೇಳ್ಬೇಕು ಅಂತಲೇ ಇದ್ದೆ.”

“ಹದಿಮೂರು ವರ್ಷ?”

“ಅವಳೇ ಬೇಡ ಅಂದದ್ದು ಅಪ್ಪಿ. ಮಕ್ಕಳು ಸಣ್ಣ ಇದ್ರು...”

“ಇವತ್ತು ಬೆಳಿಗ್ಗೆ ಅವಳ ಹೆಣ ನಮ್ಮ ಮನೆಗೆ ಬೇಡ ಅಂದೆನಲ್ಲ, ಆಗಲೂ ನಿಮ್ಮ ಬಾಯಿ ಮುಚ್ಚಿದ್ದು ಅವಳೇಯಾ?”

ಜೀಪಿನವರು ಹಾರ್ನ್ ಹೊಡೆದರು. “ಹೊರಡುವ. ಕತ್ತಲೆಯಾಗ್ತದೆ” ಎಂದ ಸುಂದರ, ಬಹಳ ಸಣ್ಣ ಸ್ವರದಲ್ಲಿ.

ಅಪ್ಪಿ ಹೊರಡಲಿಲ್ಲ. ಅಡುಗೆ ಮೂಲೆಗೆ ಹೋದಳು. ಅಲ್ಲಿ ತಟ್ಟೆ ಮುಚ್ಚಿದ ದೊಡ್ಡ ಪಾತ್ರೆಯೊಂದಿತ್ತು. ತೆರೆದರೆ ನೆನೆಹಾಕಿದ ಅಕ್ಕಿ. ನೀರಿನ ಮೇಲೆ ತೆಳ್ಳಗೆ ನೊರೆ ಬಂದು ಹುಳಿ ವಾಸನೆ ಹೊಡೆಯುತ್ತಿತ್ತು. ನಿನ್ನೆ ಸಂಜೆ ಅದನ್ನು ಕಡೆಯಲು ಕುಳಿತಾಗಲೇ ಸೀತುವಿಗೆ ಎದೆನೋವು ಬಂದದ್ದೆಂದು ಪರಮೇಶ್ವರಿ ಬೆಳಿಗ್ಗೆ ಹೇಳಿದ್ದಳು.

ಅಪ್ಪಿ ಕಡೆಯುವ ಕಲ್ಲಿನ ಮುಂದೆ ಕಾಲು ಚಾಚಿ ಕುಳಿತಳು. ಒಂದು ಹಿಡಿ ಅಕ್ಕಿಯನ್ನು ಕಲ್ಲಿನ ಗುಳಿಗೆ ಹಾಕಿದಳು.

“ಅಕ್ಕಾ, ಬೇಡ” ಪರಮೇಶ್ವರಿ ಹತ್ತಿರ ಬಂದಳು. “ಸಾವಿನ ಮನೆಯ ಹಿಟ್ಟು, ಹೋಟೆಲಿನವರು ತಕ್ಕೊಳ್ಳುದಿಲ್ಲ. ಚೆಲ್ಲಿಬಿಡುವ.”

ಅಪ್ಪಿ ಗುಂಡುಕಲ್ಲಿಗೆ ಕೈ ಹಾಕಿದಳು. ಒಂದು ಕೈಗೆ ಅದು ಅಲುಗಲಿಲ್ಲ. ಎರಡೂ ಕೈಯಲ್ಲಿ ಹಿಡಿದು, ಮೈಯ ಭಾರವನ್ನೆಲ್ಲ ಬಿಟ್ಟು ನೂಕಿದಾಗ ಗರಗರನೆ ಒಂದು ಸುತ್ತು ತಿರುಗಿತು. ಹಾರ್ನ್ ಇನ್ನೊಮ್ಮೆ ಕೇಳಿತು. ಸಾರಿಸಿದ ಹೊಸ್ತಿಲ ಮೇಲೆ ಸುಂದರನ ಪಂಚೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಕಲ್ಲಿನ ಅಂಚಿಗೆ ಬಂದ ತರಿತರಿ ಹಿಟ್ಟನ್ನು ಬೆರಳಿನಿಂದ ಒಳಗೆ ದೂಡಿ, ಅಪ್ಪಿ ಇನ್ನೊಂದು ಹಿಡಿ ಅಕ್ಕಿ ಹಾಕಿದಳು.