ಒಂದೇ ಹೊಟ್ಟೆಯ ಕುದುರೆಗಳು

ರೊಸಾರಿಯೊ ಸತ್ತ ತಿಂಗಳಿನ ಪೂಜೆ ಮುಗಿಸಿ ಇಗರ್ಜಿಯಿಂದ ಬಂದವರು ಕಾಫಿ ಕುಡಿದು ಎದ್ದಿರಲಿಲ್ಲ, ಅಷ್ಟರಲ್ಲೇ ಮಗ ಅಲೆಕ್ಸ್ ಲಾಯಕ್ಕೆ ನುಗ್ಗಿ ಬಿಳಿ ಕುದುರೆಯ ಹಗ್ಗ ಬಿಚ್ಚಿದ. ಮಗಳು ಸೆಲೀನ್ ಪೂಜೆಗೆ ಉಟ್ಟ ಸೀರೆಯಲ್ಲೇ ಓಡಿ ಬಂದು, ಲದ್ದಿಯ ಬುಟ್ಟಿಯನ್ನು ಬಾಗಿಲಿಗೆ ಅಡ್ಡ ಇಟ್ಟು ನಿಂತಳು.

ರೊಸಾರಿಯೊ ಹದಿನೆಂಟು ವರ್ಷ ಬಹರೈನಿನ ಲಾಯವೊಂದರಲ್ಲಿ ದುಡಿದು, ಕಾಪುವಿಗೆ ಮರಳಿ ಕುದುರೆ ಸಾಕಿದವನು. ದೀಪಸ್ತಂಭದ ಬಳಿ ಮಕ್ಕಳಿಗೆ ಸವಾರಿ, ಮಣಿಪಾಲದಲ್ಲಿ ಮದುವೆಯ ಮೆರವಣಿಗೆ, ಇಷ್ಟೇ ವ್ಯಾಪಾರ. ಆದರೆ ಬಾಯಿ ದೊಡ್ಡದು. ಹಾಲು ಬಿಟ್ಟದ್ದನ್ನು ಮರಿ ಎನ್ನಬೇಡ, ಬೀಜ ತೆಗೆಸಿದ್ದನ್ನು ಗಂಡು ಎನ್ನಬೇಡ ಎಂದು ಸವಾರಿಗೆ ಬಂದವರನ್ನೂ ಬೈಯುತ್ತಿದ್ದ. ೨೦೦೩ರ ಜನವರಿಯಲ್ಲಿ, ಸಾಯುವ ಮುಂಚೆ, ಕಾಗದದಲ್ಲಿ ಬರೆಸಿದ್ದು ಒಂದೇ ಸಾಲು: ರಾಣಿಯೂ ಅದರ ಒಡಹುಟ್ಟಿದವೂ ಸೆಲೀನಳಿಗೆ, ಉಳಿದವು ಅಲೆಕ್ಸನಿಗೆ.

ರಾಣಿ ಕಂದು ಬಣ್ಣದ ಹೆಣ್ಣುಕುದುರೆ. ಅದರ ತಾಯಿಯೇ ಹೆತ್ತ ಮೂರು ವರ್ಷದ ಕರಿ ಗಂಡು ಅದರ ತಮ್ಮ, ಅದರಲ್ಲಿ ತಕರಾರಿಲ್ಲ. ಎಲ್ಲಿಂದಲೋ ತಂದ ಮುದಿ ತಟ್ಟುಕುದುರೆ ಅಲೆಕ್ಸನದು, ಅದರಲ್ಲೂ ಇಲ್ಲ. ಜಗಳವೆಲ್ಲ ಬೀಜ ತೆಗೆಸಿದ ಈ ಬಿಳಿ ಕುದುರೆಯದು. ರಾಣಿಯ ಅಪ್ಪನೇ ಅದಕ್ಕೂ ಅಪ್ಪ, ತಾಯಿ ಬೇರೆ. ಆ ತಾಯಿ ಹೆತ್ತ ದಿನವೇ ಸತ್ತಿತ್ತು. ಬಾಟಲಿಯಲ್ಲಿ ಹಸುವಿನ ಹಾಲು ಕೊಟ್ಟು ಮರಿಯನ್ನು ಬದುಕಿಸಿದವಳು ಸೆಲೀನ್. ಅಲೆಕ್ಸನಿಗೆ ಅದು ಬೇಕಾದದ್ದು ಗೋವಾದ ಹೋಟೆಲಿನವನೊಬ್ಬನಿಗೆ ಮಾರಲಿಕ್ಕೆ. ಅದನ್ನು ಒಯ್ಯಲು ಬರುತ್ತಿದ್ದ ಲಾರಿ ಆಗಲೇ ಸಂತೆಕಟ್ಟೆ ದಾಟಿತ್ತು.

ಅಪ್ಪ ಒಬ್ಬನೇ ಆದ ಮೇಲೆ ಒಡಹುಟ್ಟು ಅಲ್ಲದೆ ಇನ್ನೆಂತ ಎಂದು ಸೆಲೀನ್ ಕೇಳಿದಳು. ಕುದುರೆಯ ವಿಷಯ ಕುದುರೆಯವನನ್ನೇ ಕೇಳುವ ಎಂದು ಅಲೆಕ್ಸ್ ಕರಿಬಸವನನ್ನು ಕರೆದ.

ಕರಿಬಸವ ಬಾಗಲಕೋಟೆ ಕಡೆಯವನು, ಒಂಬತ್ತು ವರ್ಷದಿಂದ ಈ ಲಾಯದ ಚಾಕರಿ. ಅವನ ಮಗಳ ಬಾಣಂತನಕ್ಕೆ ಸೆಲೀನ್ ತನ್ನ ಕೋಣೆಯನ್ನೇ ಬಿಟ್ಟುಕೊಟ್ಟಿದ್ದಳು. ತನ್ನ ಪರವಾಗಿ ಒಂದು ಮಾತು ಆಡಿಯಾನು ಎಂದು ಕಾದಳು. ಅವನು ಅವಳ ಮುಖ ನೋಡಲಿಲ್ಲ.

“ಅಕ್ಕಾರ, ಕುದರಿ ಲೆಕ್ಕ ತಾಯಿ ಹೊಟ್ಟಿದು. ಒಂದ ಹೊಟ್ಟಿಯಾಗ ಹುಟ್ಟಿದ್ರ ಅಣ್ಣ-ತಂಗಿ. ಬರೇ ಅಪ್ಪ ಒಬ್ಬ ಅಂದ್ರ ಏನೂ ಅಲ್ರಿ. ಒಂದ್ ಗಂಡಿಗೆ ಊರ ತುಂಬ ಮಕ್ಕಳಿರ್ತಾವ. ಸಾಹೇಬ್ರೂ ಹಂಗ ಹೇಳ್ತಿದ್ರು.”

“ಉಂಡ ಮನೆ ಮರೆತೆಯಲ್ಲ.”

“ಮರ್ತಿಲ್ರಿ. ಸುಳ್ಳ ಹೇಳಾಕ ಬರೂದಿಲ್ಲ.”

ಅಲೆಕ್ಸನ ಮುಖ ಅರಳಿತು. “ಕೇಳಿತಲ್ವಾ ಸೆಲೀನ್? ತಾಯಿ ಬೇರೆಯಾದರೆ ಸಂಬಂಧವೇ ಇಲ್ಲ. ಪಪ್ಪನದೇ ಲೆಕ್ಕ.”

ಸೆಲೀನ್ ರೊಸಾರಿಯೊನ ಮೊದಲ ಹೆಂಡತಿಯ ಮಗಳು, ಅಲೆಕ್ಸ್ ಎರಡನೆಯವಳ ಮಗ. ಮೂವತ್ತು ವರ್ಷ ಅಕ್ಕನೆಂದು ‘ಬಾಯ್’ ಎನ್ನುತ್ತಿದ್ದವನು ಇವತ್ತು ಹೆಸರು ಹಿಡಿದು ಕರೆದಿದ್ದ. ಅವಳು ಬುಟ್ಟಿಯನ್ನು ಕಾಲಿನಿಂದ ಬದಿಗೆ ನೂಕಿದಳು.

“ಆಯಿತು, ಕೊಂಡುಹೋಗು. ಪಪ್ಪನ ಲೆಕ್ಕದಲ್ಲಿ ನೀನೂ ನನಗೆ ಯಾರೂ ಅಲ್ಲ. ಈ ಜಾಗ ಪಪ್ಪನದ್ದಲ್ಲ, ನನ್ನ ಮಮ್ಮಿಯ ತವರಿನದ್ದು. ಮನೆ ಇದರ ಮೇಲೆಯೇ ಉಂಟು. ತಮ್ಮ ಅಂತ ಇಷ್ಟು ದಿನ ಉಂಡು ಮಲಗಿದೆ. ಲಾರಿಯಲ್ಲಿ ಜಾಗ ಉಂಟಲ್ವಾ, ನಿನ್ನ ಮಂಚವನ್ನೂ ಹಾಕು.”

ತಮಾಷೆ ಸಾಕು ಎಂದು ಅಲೆಕ್ಸ್ ನಗಲು ನೋಡಿದ. ಅವಳು ಕರಿಬಸವನಿಗೆ ಅಲೆಕ್ಸನ ಸಾಮಾನು ಅಂಗಳಕ್ಕೆ ತರಲು ಹೇಳಿದಳು. ಕರಿಬಸವ ಮೊದಲು ಅಲೆಕ್ಸನ ಪಾಲಿನ ತಟ್ಟನ್ನು ಗೇಟಿನ ಹೊರಗೆ ಕಟ್ಟಿ, ಆಮೇಲೆ ಮನೆಯೊಳಗೆ ಹೋದ.

ಬಿಳಿ ಕುದುರೆ ಅವಳ ಸೆರಗನ್ನು ಮೂಸಿತು. ಬಾಟಲಿ ಹುಡುಕುವ ಹಳೆಯ ಚಾಳಿ. ಅವಳು ಸೆರಗು ಎಳೆದುಕೊಂಡಳು.

ಮಂಚ, ಟ್ರಂಕು ಎರಡೂ ಅಂಗಳಕ್ಕೆ ಬಂದ ಮೇಲೆ ಅಲೆಕ್ಸನ ದನಿ ಇಳಿಯಿತು. ಹಗ್ಗವನ್ನು ಅವಳ ಕಡೆಗೆ ಚಾಚಿದ.

“ಬಾಯ್, ಕುದುರೆ ಇಲ್ಲಿಯೇ ಇರಲಿ ಮಾರಾಯ್ತಿ.”

ಸೆಲೀನಳ ಕೈ ಅರ್ಧ ಎದ್ದಿತು. ಆಮೇಲೆ ಅದೇ ಕೈಯಿಂದ ಗೇಟು ತೆರೆದಳು.

“ಅದು ನಿನ್ನದು. ಗಟ್ಟಿ ಹಿಡಿ, ರಸ್ತೆಯಲ್ಲಿ ಬಸ್ಸು ಬರುತ್ತದೆ.”